ಸ್ವಿಚ್ಚೇ ಇಲ್ಲದ ಮ್ಯಾಗ್ನೆಟ್: ಕರೆಂಟ್ ಉಳಿಸೋಕೆ ಸ್ಟೋರೇಜ್ ರಿಂಗ್‌ಗಳು ಏನನ್ನ ಬಿಟ್ಟುಕೊಡ್ತಿವೆ

ಸ್ಟೋರೇಜ್ ರಿಂಗ್ (ಎಲೆಕ್ಟ್ರಾನ್‌ಗಳನ್ನ ಗಂಟೆಗಟ್ಟಲೆ ಒಂದೇ ದಾರೀಲಿ ಸುತ್ತಿಸ್ತಾ ಇಡೋ ದೊಡ್ಡ ಉಂಗುರದಾಕಾರದ ಯಂತ್ರ) ಒಳಗೆ ಸುತ್ತೋ ಎಲೆಕ್ಟ್ರಾನನ್ನ ಬಾಗಿಸೋಕೆ ಮ್ಯಾಗ್ನೆಟ್ ಒಂದು ಚೂರೂ ಶಕ್ತಿ ಖರ್ಚು ಮಾಡಲ್ಲ. ಕಾಲೇಜ್ ಫಿಸಿಕ್ಸಲ್ಲಿ ಓದಿದ್ದು ನೆನಪಿದ್ಯಲ್ಲ, ಕಾಂತಕ್ಷೇತ್ರದ ಬಲ ಯಾವಾಗ್ಲೂ ಕಣ ಓಡ್ತಿರೋ ದಿಕ್ಕಿಗೆ ಅಡ್ಡಡ್ಡ ಬೀಳತ್ತೆ, ಹಾಗಾಗಿ ಅದು ದಾರಿ ತಿರುಗಿಸತ್ತೆ ಅಷ್ಟೇ, ಶಕ್ತಿ ಕೂಡ್ಸೋದೂ ಇಲ್ಲ ಕಳೆಯೋದೂ ಇಲ್ಲ. ಹಾಗಾದ್ರೆ ಎಲೆಕ್ಟ್ರೋಮ್ಯಾಗ್ನೆಟ್‌ಗೆ ಹಗಲೂ ರಾತ್ರಿ ಕೊಡೋ ಅಷ್ಟೊಂದು ಕರೆಂಟ್ ಎಲ್ಲಿಗೆ ಹೋಗತ್ತೆ? ಪೂರ್ತಿ ತಾಮ್ರದ ಸುರುಳಿ ಬಿಸಿ ಮಾಡೋಕೇ ಹೋಗತ್ತೆ. ಕ್ಷೇತ್ರ ಒಂದ್ಸಲ ಏರಿ ನಿಂತ ಮೇಲೆ ಅದನ್ನ ಹಾಗೇ ಹಿಡಿದಿಡೋಕೆ ಪ್ರಕೃತಿ ಏನೂ ಕೇಳಲ್ಲ, ಕೇಳೋದು ತಾಮ್ರದ ರೆಸಿಸ್ಟೆನ್ಸ್ ಮಾತ್ರ. ಆಮೇಲೆ ಆ ಬಿಸಿ ಹೊರಗೆ ಹಾಕೋಕೆ ನೀರು ಬೇಕು, ನೀರು ಓಡಿಸೋಕೆ ಪಂಪು, ಬಿಸಿಯಾದ ನೀರನ್ನ ಮತ್ತೆ ತಣಿಸೋಕೆ ಚಿಲ್ಲರ್, ಇವಕ್ಕೆಲ್ಲ ಮತ್ತೆ ಬೇರೆ ಕರೆಂಟು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮ್ಯಾಗ್ನೆಟ್‌ಗಳೆಲ್ಲ ಸೇರಿ 1 ಮೆಗಾವಾಟ್ ಎಳೆಯೋ ಒಂದು ರಿಂಗ್ ವರ್ಷಕ್ಕೆ 5,000 ಗಂಟೆ ಓಡಿದ್ರೆ 50 ಲಕ್ಷ ಯೂನಿಟ್ ಆಗತ್ತೆ. ಆ 1 ಮೆಗಾವಾಟ್ ಬಿಸೀನ ನೀರಿಗೆ ದಾಟಿಸ್ಬೇಕು, ನೀರು 10 ಡಿಗ್ರಿಗಿಂತ ಜಾಸ್ತಿ ಬಿಸಿ ಆಗಬಾರದು ಅಂತ ಇಟ್ಕೊಂಡ್ರೆ ಸೆಕೆಂಡಿಗೆ ಸುಮಾರು 24 ಲೀಟರ್ ನೀರು ಸುರುಳಿಗಳ ಒಳಗಿನ ತೂತುಗಳಲ್ಲಿ ಹರೀತಾನೇ ಇರ್ಬೇಕು, ವರ್ಷಗಟ್ಟಲೆ. ಹರಿಯೋ ನೀರು ಮ್ಯಾಗ್ನೆಟ್ಟನ್ನ ಸಣ್ಣಗೆ ಅಲುಗಾಡಿಸತ್ತೆ, ಮೈಕ್ರಾನ್ ಲೆಕ್ಕದ ಬೀಮ್‌ಗೆ, ಅಂದ್ರೆ ಸುತ್ತುತ್ತಿರೋ ಎಲೆಕ್ಟ್ರಾನ್‌ಗಳ ಸಪೂರ ಧಾರೆಗೆ, ಅದೂ ಒಂದು ತೊಂದ್ರೆನೇ, ಮತ್ತೆ ಸಾವಿರಾರು ಜಾಯಿಂಟ್‌ಗಳಲ್ಲಿ ಯಾವುದೋ ಒಂದು ಸೋರಿದ್ರೆ ಇಡೀ ರಿಂಗ್ ನಿಲ್ಲಿಸ್ಬೇಕು. ಇಷ್ಟೆಲ್ಲ ಯಾಕೆ, ಪ್ರಕೃತಿ ಕೇಳದೇ ಇರೋ ಒಂದು ಬಿಲ್ ಕಟ್ಟೋಕೆ.

ಇಲ್ಲೇ ಪರ್ಮನೆಂಟ್ ಮ್ಯಾಗ್ನೆಟ್ ಮಾತು ಬರೋದು. ಬಾಗಿಲಿಗೆ, ಫ್ರಿಜ್‌ಗೆ ಅಂಟ್ಕೊಂಡಿರೋ ಮ್ಯಾಗ್ನೆಟ್ ವರ್ಷಾನುಗಟ್ಟಲೆ ಯಾವ ಪ್ಲಗ್ಗೂ ಇಲ್ಲದೆ ಅಂಟ್ಕೊಂಡೇ ಇರತ್ತಲ್ಲ, ಅದೇ ತತ್ವ, ಸ್ವಲ್ಪ ಬೇರೆ ದರ್ಜೆಯ ಲೋಹ. 2022ರಲ್ಲಿ ಯುರೋಪಿನಲ್ಲಿ ಕರೆಂಟ್ ರೇಟ್ ಗಗನಕ್ಕೆ ಹೋದಾಗ ಜಿನೀವಾದ ಕಣಭೌತಶಾಸ್ತ್ರ ಕೇಂದ್ರ ಸರ್ನ್ ತನ್ನ ಆಕ್ಸಲರೇಟರ್‌ಗಳನ್ನ ಆ ವರ್ಷ ಎರಡು ವಾರ ಮುಂಚೆನೇ, ನವೆಂಬರ್ 28ಕ್ಕೇ ನಿಲ್ಲಿಸ್ತು. ಪೂರ್ತಿ ಓಡೋ ವರ್ಷದಲ್ಲಿ ಅದು ಬಳಸೋದು ಸುಮಾರು 130 ಕೋಟಿ ಯೂನಿಟ್. ವಿಜ್ಞಾನ ಕರೆಂಟ್ ಬಿಲ್ ನೋಡ್ಕೊಂಡು ನಡೀಬೇಕಾದ ಕಾಲ ಬಂದಿದೆ ಅನ್ನೋದು ಅವತ್ತು ಎಲ್ಲರಿಗೂ ಕಣ್ಣಿಗೆ ಕಾಣೋ ಹಾಗಾಯ್ತು. ಆದ್ರೆ ಪರ್ಮನೆಂಟ್ ಮ್ಯಾಗ್ನೆಟ್ ಬಗ್ಗೆ ಬರೋ ಸುದ್ದಿಗಳಲ್ಲಿ "ಕರೆಂಟೇ ಬೇಡ, ಪುಕ್ಕಟೆ" ಅನ್ನೋ ಧಾಟಿ ಜಾಸ್ತಿ ಇರತ್ತೆ. ನನಗೆ ಅದು ಅರ್ಧ ಸತ್ಯ ಅನ್ಸತ್ತೆ. ಈ ಮ್ಯಾಗ್ನೆಟ್‌ಗೆ ಸ್ವಿಚ್ ಇಲ್ಲ. ಉಳಿತಾಯ ಬರೋದೂ ಅಲ್ಲಿಂದಲೇ, ಅದಕ್ಕೆ ಕೊಡೋ ಬೆಲೆ ಇರೋದೂ ಅಲ್ಲೇ.

ಮೊದಲು ಸ್ಟೋರೇಜ್ ರಿಂಗೇ ಯಾಕೆ ಅಂತ ನೋಡೋಣ. ಆಕ್ಸಲರೇಟರ್ ಅಂದ ತಕ್ಷಣ ಕಣಗಳ ವೇಗ ಏರ್ತಾ ಹೋಗೋ ಯಂತ್ರ ಅಂತ ಮನಸಿಗೆ ಬರತ್ತೆ, ಅಲ್ಲಿ ಶಕ್ತಿ ಏರಿದ ಹಾಗೆ ಕಾಂತಕ್ಷೇತ್ರನೂ ಏರ್ಬೇಕು, ಇಲ್ಲಾಂದ್ರೆ ಕಣ ಗೋಡೆಗೆ ಹೋಗಿ ಬಡಿಯತ್ತೆ. ಸರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನ್ 450 ಜಿಇವಿಗೆ (ಕಣದ ಶಕ್ತಿ ಅಳೆಯೋ ಮಾನ, 1 ಜಿಇವಿ ಅಂದ್ರೆ 1,000 ಎಂಇವಿ) ಒಳಗೆ ಬಂದು 6,800 ಜಿಇವಿಗೆ ಏರತ್ತೆ, ಕ್ಷೇತ್ರನೂ ಅದೇ ಪಾಲಿನಲ್ಲಿ ಹದಿನೈದು ಪಟ್ಟು ಏರ್ಬೇಕು, ಅಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಮಾತೇ ಇಲ್ಲ. ಆದ್ರೆ ಸಿಂಕ್ರೊಟ್ರಾನ್ ಬೆಳಕಿನ ಕೇಂದ್ರಗಳ ಸ್ಟೋರೇಜ್ ರಿಂಗ್ ಹಾಗಲ್ಲ. ಎಲೆಕ್ಟ್ರಾನ್‌ಗಳನ್ನ ಬೇರೆ ಕಡೆ ಪೂರ್ತಿ ಶಕ್ತಿಗೆ ಏರಿಸಿ ತಂದು ಇದರೊಳಗೆ ಬಿಡ್ತಾರೆ, ಆಮೇಲೆ ಅವು ಅದೇ ಶಕ್ತಿಯಲ್ಲಿ ಗಂಟೆಗಟ್ಟಲೆ ಸುತ್ತುತ್ತಾ ಎಕ್ಸ್-ರೇ ಚೆಲ್ಲುತ್ತಾ ಇರ್ತವೆ, ಆ ಬೆಳಕಲ್ಲಿ ಪ್ರೋಟೀನ್ ನೋಡೋರು, ಬ್ಯಾಟರಿ ನೋಡೋರು, ಹಳೇ ಚಿತ್ರಗಳ ಬಣ್ಣ ನೋಡೋರು ತಮ್ಮ ತಮ್ಮ ಕೆಲಸ ಮಾಡ್ಕೋತಾರೆ. ಶಕ್ತಿ ಬದಲಾಗಲ್ಲ ಅಂದ್ರೆ ಕ್ಷೇತ್ರನೂ ಬದಲಾಗ್ಬೇಕಿಲ್ಲ. ಹತ್ತಿಪ್ಪತ್ತು ವರ್ಷ ಒಂದೇ ಕ್ಷೇತ್ರ. ಹಾಗಿದ್ದ ಮೇಲೆ ಅದನ್ನ ಕರೆಂಟ್ ಕೊಟ್ಟು ಹಿಡಿದಿಡೋದು ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆ.

ಈ ಪ್ರಶ್ನೆಗೆ ದೊಡ್ಡ ಮಟ್ಟದಲ್ಲಿ ಉತ್ತರ ಕೊಟ್ಟಿದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರೋ ಯುರೋಪಿಯನ್ ಸಿಂಕ್ರೊಟ್ರಾನ್, ಇಎಸ್‌ಆರ್‌ಎಫ್. 844 ಮೀಟರ್ ಸುತ್ತಳತೆ, 6 ಜಿಇವಿ ಎಲೆಕ್ಟ್ರಾನ್. 2018ರ ಕೊನೆಗೆ ಹಳೇ ರಿಂಗ್ ನಿಲ್ಲಿಸಿ, ಅದನ್ನ ಪೂರ್ತಿ ಕಿತ್ತು, ಅದೇ ಸುರಂಗದಲ್ಲಿ ಹೊಸ ರಿಂಗ್ ಕೂರಿಸಿ 2020ರ ಆಗಸ್ಟ್‌ನಲ್ಲಿ ಬಳಕೆದಾರರಿಗೆ ಬಿಟ್ಟುಕೊಟ್ರು. ಅದರಲ್ಲಿ ಬೀಮ್ ಬಾಗಿಸೋ 128 ದೊಡ್ಡ ಡೈಪೋಲ್‌ಗಳು ಪರ್ಮನೆಂಟ್ ಮ್ಯಾಗ್ನೆಟ್, ಸಮೇರಿಯಂ-ಕೋಬಾಲ್ಟ್ ಇಟ್ಟಿಗೆಗಳಿಂದ ಕಟ್ಟಿದ್ದು. ಒಂದೊಂದು ಡೈಪೋಲಲ್ಲೂ ಐದು ಮಾಡ್ಯೂಲ್ ಸಾಲಾಗಿ ಕೂತಿರ್ತವೆ, ಒಂದು ತುದೀಲಿ ಕ್ಷೇತ್ರ 0.67 ಟೆಸ್ಲಾದವರೆಗೆ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರದ ಬಲ ಅಳೆಯೋ ಮಾನ), ಇನ್ನೊಂದು ತುದೀಲಿ ಬರೀ 0.17 ಟೆಸ್ಲಾ, ಮಧ್ಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯತ್ತೆ. ಈ ಮೆಟ್ಟಿಲು ಸುಮ್ಮನೆ ಅಲ್ಲ, ಬೀಮ್ ಎಲ್ಲಿ ಹರಡ್ಕೊಳ್ಳೋ ಅಪಾಯ ಜಾಸ್ತಿಯೋ ಅಲ್ಲಿ ಮೆಲ್ಲಗೆ ಬಾಗಿಸಿ, ಎಲ್ಲಿ ಕಮ್ಮಿಯೋ ಅಲ್ಲಿ ಗಟ್ಟಿಯಾಗಿ ಬಾಗಿಸಿದ್ರೆ ಬೀಮ್ ಸಣ್ಣಗೆ, ಚೂಪಾಗಿ ಉಳಿಯತ್ತೆ. ಎಲೆಕ್ಟ್ರೋಮ್ಯಾಗ್ನೆಟ್ಟಲ್ಲಿ ಇಂಥ ಮೆಟ್ಟಿಲು ಮಾಡೋದು ತಲೆನೋವು, ಇಲ್ಲಿ ಮಾಡ್ಯೂಲ್ ಒಳಗೆ ಇಟ್ಟಿಗೆ ಕಮ್ಮಿ ಹಾಕಿದ್ರೆ ಮುಗೀತು. ಹಳೇ ರಿಂಗ್‌ನ ಅಡ್ಡ ಎಮಿಟೆನ್ಸ್, ಅಂದ್ರೆ ಬೀಮ್ ಎಷ್ಟು ಹರಡಿದೆ ಅನ್ನೋದರ ಅಳತೆ, 4 ನ್ಯಾನೋಮೀಟರ್ ಇದ್ದದ್ದು ಹೊಸದರಲ್ಲಿ ಸುಮಾರು 0.13ಕ್ಕೆ ಇಳೀತು, ಜೊತೆಗೆ ಕರೆಂಟ್ ಬಳಕೆ ಶೇಕಡ 30ರಷ್ಟು ಕಮ್ಮಿಯಾಯ್ತು.

ಈಗ ಆ ಶೇಕಡ 30ನ್ನ ಸ್ವಲ್ಪ ಬಿಡಿಸಿ ನೋಡ್ಬೇಕು, ಯಾಕಂದ್ರೆ ಎಲ್ಲರೂ ಅದನ್ನ ಸೀದಾ ಮ್ಯಾಗ್ನೆಟ್ ಖಾತೆಗೆ ಹಾಕಿಬಿಡ್ತಾರೆ. ಎಲೆಕ್ಟ್ರಾನ್ ಬಾಗಿದಾಗ ಬೆಳಕು ಚೆಲ್ಲಿ ಶಕ್ತಿ ಕಳ್ಕೊಳತ್ತೆ, ಆ ನಷ್ಟವನ್ನ ರೇಡಿಯೋ ಫ್ರೀಕ್ವೆನ್ಸಿ ಕ್ಯಾವಿಟಿಗಳು ಪ್ರತಿ ಸುತ್ತಿಗೂ ತುಂಬಿಕೊಡ್ಬೇಕು, ಇದು ಪರ್ಮನೆಂಟ್ ಮ್ಯಾಗ್ನೆಟ್ ಹಾಕಿದ್ರೂ ತಪ್ಪಲ್ಲ. ಇಎಸ್‌ಆರ್‌ಎಫ್‌ನ ಹಳೇ ಡೈಪೋಲ್ 0.86 ಟೆಸ್ಲಾ ಇತ್ತು, ಒಂದು ಸುತ್ತಿಗೆ ಎಲೆಕ್ಟ್ರಾನ್ ಸುಮಾರು 4.9 ಎಂಇವಿ ಕಳ್ಕೊಳ್ತಿತ್ತು, ಬೀಮ್ ಕರೆಂಟ್ 200 ಮಿಲಿಆಂಪಿಯರ್ ಅಂದ್ರೆ ಹತ್ತಿರ ಹತ್ತಿರ 1 ಮೆಗಾವಾಟ್ ಬೀಮ್‌ಗೇ ಬೇಕು. ಹೊಸ ರಿಂಗಲ್ಲಿ ಆ ನಷ್ಟ ಸುಮಾರು 2.5 ಎಂಇವಿ, ಅಂದ್ರೆ ಅರ್ಧ ಮೆಗಾವಾಟ್. ಕಾರಣ ಸರಳ: ಒಟ್ಟು 360 ಡಿಗ್ರಿ ತಿರುಗೋದು ತಿರುಗಲೇಬೇಕು, ಆದ್ರೆ ನಷ್ಟ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರತ್ತೆ, ಹಾಗಾಗಿ ಸ್ವಲ್ಪ ಜಾಗದಲ್ಲಿ ಜೋರಾಗಿ ತಿರುಗಿಸೋ ಬದಲು ಉದ್ದಕ್ಕೆ ಮೆಲ್ಲಗೆ ತಿರುಗಿಸಿದ್ರೆ ಕಮ್ಮಿ ಕಳ್ಕೊಳತ್ತೆ. ರೇಡಿಯೋ ಪವರ್ ತಯಾರಿಸುವಾಗ್ಲೂ ಒಂದಷ್ಟು ಪೋಲಾಗೋದ್ರಿಂದ ಬೀಮಲ್ಲಿ ಉಳಿದ ಅರ್ಧ ಮೆಗಾವಾಟ್ ಗೋಡೆಯ ಮೀಟರಲ್ಲಿ ಅದಕ್ಕಿಂತ ದೊಡ್ಡದಾಗಿ ಕಾಣತ್ತೆ. ಅಂದ್ರೆ ಉಳಿತಾಯದ ಒಂದು ದೊಡ್ಡ ಪಾಲು ರಿಂಗ್‌ನ ವಿನ್ಯಾಸದ್ದು. ಮ್ಯಾಗ್ನೆಟ್ ಅದಕ್ಕೆ ದಾರಿ ಮಾಡ್ಕೊಡ್ತು ಅಂತ ಬೇಕಾದ್ರೆ ಹೇಳಬಹುದು, ಯಾಕಂದ್ರೆ ಉದ್ದುದ್ದ ಡೈಪೋಲ್ ಹಾಕಿದ್ರೂ ಕರೆಂಟ್ ಬಿಲ್ ಏರಲ್ಲ ಅನ್ನೋ ಧೈರ್ಯ ಸಿಗತ್ತೆ.

ಇನ್ನೊಂದು ಕಡೆನೂ ಲೆಕ್ಕ ತಪ್ಪತ್ತೆ. ಹೊಸ ತಲೆಮಾರಿನ ರಿಂಗ್‌ಗಳಲ್ಲಿ ಬೀಮ್ ಹಾದುಹೋಗೋ ಕೊಳವೆ ತುಂಬ ಸಣ್ಣದು, ಮ್ಯಾಗ್ನೆಟ್‌ನ ಎರಡು ಧ್ರುವಗಳ ನಡುವೆ 25 ಮಿಲಿಮೀಟರ್ ಆಸುಪಾಸು ಜಾಗ ಇದ್ರೆ ಸಾಕು. ಜಾಗ ಸಣ್ಣದಾದ್ರೆ ಎಲೆಕ್ಟ್ರೋಮ್ಯಾಗ್ನೆಟ್‌ಗೂ ಕರೆಂಟ್ ಕಮ್ಮಿ ಸಾಕಲ್ವಾ! ಡೈಪೋಲಲ್ಲಿ ಜಾಗ ಅರ್ಧ ಮಾಡಿದ್ರೆ ಸುರುಳಿ ಅಷ್ಟೇ ದಪ್ಪ ಇದ್ದಾಗ ಪವರ್ ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ, ಬೀಮನ್ನ ಲೆನ್ಸ್ ಥರ ಒಟ್ಟುಗೂಡಿಸೋ ಕ್ವಾಡ್ರುಪೋಲಲ್ಲಿ ಹದಿನಾರನೇ ಒಂದು ಭಾಗಕ್ಕೆ. ಸ್ವೀಡನ್ನಿನ ಮ್ಯಾಕ್ಸ್ ಫೋರ್ 2016ರಲ್ಲಿ ಈ ತಲೆಮಾರಿನ ಮೊದಲ ರಿಂಗಾಗಿ ಶುರುವಾದಾಗ ಅದರ ಡೈಪೋಲ್‌ಗಳು ಎಲೆಕ್ಟ್ರೋಮ್ಯಾಗ್ನೆಟ್ಟೇ. ಹಾಗಾಗಿ ಹಳೇ ದಪ್ಪ ಎಲೆಕ್ಟ್ರೋಮ್ಯಾಗ್ನೆಟ್ಟನ್ನ ಹೊಸ ಸಪೂರ ಪರ್ಮನೆಂಟ್ ಮ್ಯಾಗ್ನೆಟ್ ಪಕ್ಕ ನಿಲ್ಲಿಸಿ "ನೋಡಿ ಎಷ್ಟು ಉಳೀತು" ಅನ್ನೋದು ಸರಿಯಾದ ಹೋಲಿಕೆ ಅಲ್ಲ. ಹೋಲಿಸ್ಬೇಕಾದ್ದು ಅದೇ ಸಣ್ಣ ಜಾಗದ ಎರಡು ಮ್ಯಾಗ್ನೆಟ್‌ಗಳನ್ನ.

ಹಾಗೆ ಹೋಲಿಸಿದ್ರೂ ಪರ್ಮನೆಂಟ್ ಮ್ಯಾಗ್ನೆಟ್ ಗೆಲ್ಲತ್ತೆ, ಅದರಲ್ಲೂ ಜಾಗ ಇಕ್ಕಟ್ಟಾದಷ್ಟೂ ಜೋರಾಗಿ ಗೆಲ್ಲತ್ತೆ. 25 ಮಿಲಿಮೀಟರ್ ಜಾಗದಲ್ಲಿ 0.6 ಟೆಸ್ಲಾ ಬೇಕು ಅಂದ್ರೆ ಸುಮಾರು 12,000 ಆಂಪಿಯರ್-ಸುತ್ತು ಬೇಕು, ಅಂದ್ರೆ 100 ಸುತ್ತಿನ ಸುರುಳಿಯಲ್ಲಿ 120 ಆಂಪಿಯರ್. ಈಗ ನಿಯೋಡೈಮಿಯಂ ಮ್ಯಾಗ್ನೆಟ್ ನೋಡಿ. ಅದರ ಒಳಗಿನ ಕಾಂತತ್ವ 1.2 ಟೆಸ್ಲಾ ಅಂತ ಇಟ್ಕೊಂಡ್ರೆ ಒಂದು ಸೆಂಟಿಮೀಟರ್ ದಪ್ಪದ ತುಂಡು ತನ್ನ ಸುತ್ತ ಸುಮಾರು 9,500 ಆಂಪಿಯರ್ ಹರೀತಿರೋ ಒಂದು ಸುರುಳಿಗೆ ಸಮ. ಒಂದೇ ಸೆಂಟಿಮೀಟರ್! ನೀರು ಬೇಡ, ಕೇಬಲ್ ಬೇಡ, ಬಿಸಿ ಇಲ್ಲ. ಮ್ಯಾಗ್ನೆಟ್ಟನ್ನ ಎಷ್ಟು ಚಿಕ್ಕದು ಮಾಡಿದ್ರೂ ಸೆಂಟಿಮೀಟರ್ ದಪ್ಪಕ್ಕೆ ಇಷ್ಟು ಅನ್ನೋ ಈ ಲೆಕ್ಕ ಹಾಗೇ ಇರತ್ತೆ, ತಾಮ್ರದಲ್ಲಿ ಮಾತ್ರ ಗಾತ್ರ ಚಿಕ್ಕದಾದಷ್ಟೂ ಕರೆಂಟ್ ದಟ್ಟಣೆ ಏರಿ ಏರಿ ಕೊನೆಗೆ ತಣಿಸೋಕೆ ಆಗಲ್ಲ. ಬೀಮನ್ನ ಅತ್ತಿತ್ತ ಓಲಾಡಿಸಿ ಎಕ್ಸ್-ರೇ ತೆಗೆಯೋ ಅಂಡ್ಯುಲೇಟರ್‌ಗಳು ದಶಕಗಳಿಂದ ಪರ್ಮನೆಂಟ್ ಮ್ಯಾಗ್ನೆಟ್ ಆಗಿರೋಕೆ ಇದೇ ಕಾರಣ, ಅಲ್ಲಿ ಎರಡು ಸೆಂಟಿಮೀಟರ್ ಒಳಗೇ ಕ್ಷೇತ್ರ ಒಂದ್ಸಲ ಮೇಲೆ ಒಂದ್ಸಲ ಕೆಳಗೆ ಆಗಿ ಮುಗೀಬೇಕು. ಬರ್ಕ್ಲಿ ಲ್ಯಾಬಿನ ಕ್ಲಾಸ್ ಹಾಲ್ಬಾಕ್ 1980ರ ಆಸುಪಾಸಲ್ಲೇ ಈ ತುಂಡುಗಳನ್ನ ಹೇಗೆ ಹೇಗೆ ತಿರುಗಿಸಿ ಜೋಡಿಸಿದ್ರೆ ಯಾವ ಕ್ಷೇತ್ರ ಬರತ್ತೆ ಅನ್ನೋ ಗಣಿತ ಕಟ್ಟಿಕೊಟ್ಟಿದ್ರು. ರಿಂಗ್‌ಗಳು ಆಗ ದಪ್ಪ ಇದ್ವು. ಈಗ ಸಪೂರ ಆದವು, ಹಳೇ ವಿದ್ಯೆಗೆ ಹೊಸ ಜಾಗ ಸಿಕ್ತು.

ಸರಿ, ಈಗ ಬೆಲೆಯ ವಿಷಯ. ಎಲೆಕ್ಟ್ರೋಮ್ಯಾಗ್ನೆಟ್‌ಗೆ ಒಂದು ನಾಬ್ ಇರತ್ತೆ. ಕಟ್ಟುವಾಗ ಕ್ಷೇತ್ರ ಶೇಕಡ ಅರ್ಧ ಹೆಚ್ಚುಕಮ್ಮಿ ಆಗಿದ್ರೆ ಕಂಟ್ರೋಲ್ ರೂಮಲ್ಲಿ ಕೂತು ಕರೆಂಟ್ ಸ್ವಲ್ಪ ತಿರುಗಿಸಿ ಸರಿಮಾಡ್ಕೋಬಹುದು. ಪರ್ಮನೆಂಟ್ ಮ್ಯಾಗ್ನೆಟ್ಟಲ್ಲಿ ಆ ಸರಿಮಾಡೋದೆಲ್ಲ ಸುರಂಗಕ್ಕೆ ಹೋಗೋ ಮುಂಚೆ, ವರ್ಕ್‌ಶಾಪಲ್ಲೇ ಆಗ್ಬೇಕು. ಪ್ರತಿ ಇಟ್ಟಿಗೆಯ ಬಲ ಒಂದೊಂದು ಥರ ಇರತ್ತೆ, ಅದಕ್ಕೆ ಇಟ್ಟಿಗೆಗಳನ್ನ ಅಳೆದು, ಬಲವಾದದ್ದನ್ನ ಬಡವಾದದ್ದರ ಜೊತೆ ಜೋಡಿ ಮಾಡಿ, ಕಟ್ಟಿ, ಮತ್ತೆ ಕ್ಷೇತ್ರ ಅಳೆದು, ತೆಳ್ಳನೆ ಕಬ್ಬಿಣದ ಶಿಮ್ ಹಾಕಿ ಇಲ್ಲಾ ತೆಗೆದು, ಮತ್ತೆ ಅಳೀಬೇಕು. ಗ್ರೆನೋಬಲ್‌ನಲ್ಲಿ 128 ಡೈಪೋಲ್‌ಗೆ ತಲಾ ಐದರ ಹಾಗೆ 640 ಮಾಡ್ಯೂಲ್‌ಗಳಿಗೆ ಈ ಥರ ಕೈಕೆಲಸ ನಡೀತು. ಈ ಇಟ್ಟಿಗೆಗಳನ್ನ ಜೋಡಿಸೋರ ಕೆಲಸ ಹತ್ತಿರದಿಂದ ಊಹಿಸ್ಕೊಳ್ಳಿ: ಕೈಯಲ್ಲಿರೋ ತುಂಡು ಕಬ್ಬಿಣದ ಹತ್ತಿರ ಬರ್ತಿದ್ದ ಹಾಗೆ ಸೆಳೆತ ಮೆಲ್ಲಗೆ ಏರಲ್ಲ, ಕೊನೇ ಕೆಲವು ಮಿಲಿಮೀಟರಲ್ಲಿ ಒಮ್ಮೆಲೇ ಏರತ್ತೆ, ಬೆರಳು ಸಿಕ್ಕಿಹಾಕ್ಕೊಂಡ್ರೆ ಜಜ್ಜಿಹೋಗತ್ತೆ, ಜೊತೆಗೆ ಈ ಲೋಹ ಪಿಂಗಾಣಿ ಥರ ಪೆಡಸು, ಟಕ್ ಅಂತ ಬಡಿದ್ರೆ ಚೂರು ಸಿಡಿಯತ್ತೆ. ಹಾಗಾಗಿ ಸ್ಕ್ರೂ ತಿರುಗಿಸಿ ತಿರುಗಿಸಿ ಇಟ್ಟಿಗೆನ ನಿಧಾನಕ್ಕೆ ಒಳಗೆ ತಳ್ಳೋ ಜಿಗ್‌ಗಳು, ಹಿತ್ತಾಳೆ ಅಲ್ಯೂಮಿನಿಯಂ ಉಪಕರಣಗಳು, ಸುತ್ತಮುತ್ತ ಒಂದೇ ಒಂದು ಸಡಿಲ ಸ್ಟೀಲ್ ಸ್ಪ್ಯಾನರ್ ಇರಬಾರದು. ಎಲೆಕ್ಟ್ರೋಮ್ಯಾಗ್ನೆಟ್ ಆಗಿದ್ರೆ ಪ್ಲಗ್ ತೆಗೆದು ಕೆಲಸ ಮಾಡ್ತಿದ್ರು. ಇಲ್ಲಿ ಪ್ಲಗ್ಗೇ ಇಲ್ಲ.

ಆಮೇಲೆ ಬಿಸಿಲು-ಚಳಿ. ನಿಯೋಡೈಮಿಯಂ ಮ್ಯಾಗ್ನೆಟ್ ಒಂದು ಡಿಗ್ರಿ ಬಿಸಿಯಾದ್ರೆ ಶೇಕಡ 0.11ರಷ್ಟು ಬಲ ಕಳ್ಕೊಳತ್ತೆ, ಸಮೇರಿಯಂ-ಕೋಬಾಲ್ಟ್ ಅದರ ಮೂರನೇ ಒಂದು ಭಾಗ. ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ ರಿಂಗಲ್ಲಿರೋ ಎಲ್ಲ ಡೈಪೋಲೂ ಒಟ್ಟಿಗೆ ಶೇಕಡ 0.1 ಇಳಿದ್ರೆ ಬೀಮ್‌ನ ಶಕ್ತಿನೂ ಅಷ್ಟೇ ಇಳಿಯತ್ತೆ, ಅಂಡ್ಯುಲೇಟರಿಂದ ಬರೋ ಎಕ್ಸ್-ರೇಯ ಶಕ್ತಿ ಅದರ ಎರಡು ಪಟ್ಟು ಜರುಗತ್ತೆ, ಆ ಕಡೆ ತುದೀಲಿ ಒಂದು ಧಾತುವಿನ ಅಂಚಿಗೆ, ಅಂದ್ರೆ ಅದು ಎಕ್ಸ್-ರೇಯನ್ನ ಒಮ್ಮೆಲೇ ಜಾಸ್ತಿ ಹೀರೋಕೆ ಶುರುಮಾಡೋ ಶಕ್ತಿಗೆ, ಸರಿಯಾಗಿ ಟ್ಯೂನ್ ಮಾಡ್ಕೊಂಡು ರಾತ್ರಿಯೆಲ್ಲ ಡೇಟಾ ತೆಗೀತಿರೋರ ಪ್ರಯೋಗ ಕೆಡತ್ತೆ. ಸುರಂಗದ ಗಾಳಿಯನ್ನ ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಒಂದೇ ಮಟ್ಟಕ್ಕೆ ಇಡೋ ಶ್ರಮ ಅದಕ್ಕೇ.

ಇದಕ್ಕೆ ಒಂದು ಚೆಂದದ ಉಪಾಯ ಇದೆ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಅದು. ಅಮೆರಿಕಾದ ಫರ್ಮಿಲ್ಯಾಬಲ್ಲಿ 1990ರ ದಶಕದ ಕೊನೆಗೆ ರಿಸೈಕ್ಲರ್ ಅಂತ ಒಂದು ರಿಂಗ್ ಕಟ್ಟಿದ್ರು, 3.3 ಕಿಲೋಮೀಟರ್ ಸುತ್ತಳತೆ, 8 ಜಿಇವಿ ಆಂಟಿಪ್ರೋಟಾನ್‌ಗಳನ್ನ (ಪ್ರೋಟಾನಿನ ವಿರುದ್ಧ ಚಾರ್ಜಿನ ಪ್ರತಿಕಣ) ಕೂಡಿಡೋಕೆ. ಬಾಗಿಸೋ ಮ್ಯಾಗ್ನೆಟ್ ಎಲ್ಲ ಸ್ಟ್ರಾನ್ಷಿಯಂ ಫೆರೈಟ್, ಅಂದ್ರೆ ಸ್ಪೀಕರ್‌ಗಳಲ್ಲಿ ಇರತ್ತಲ್ಲ ಕಪ್ಪು ಮ್ಯಾಗ್ನೆಟ್, ಅದೇ ಜಾತಿಯದ್ದು. ಅಗ್ಗ, ಆದ್ರೆ ಡಿಗ್ರಿಗೆ ಶೇಕಡ 0.2 ಬಲ ಕಳ್ಕೊಳ್ಳೋ ಚಂಚಲ ವಸ್ತು. ಅವರು ಏನು ಮಾಡಿದ್ರು ಅಂದ್ರೆ ಫೆರೈಟ್ ಇಟ್ಟಿಗೆಗಳ ಮಧ್ಯೆ ಮಧ್ಯೆ ನಿಕ್ಕಲ್-ಕಬ್ಬಿಣದ ಒಂದು ವಿಶೇಷ ಮಿಶ್ರಲೋಹದ ಪಟ್ಟಿ ಇಟ್ರು. ಈ ಪಟ್ಟಿ ಕ್ಷೇತ್ರದ ಒಂದು ಪಾಲನ್ನ ಬೀಮ್ ಕಡೆ ಹೋಗದ ಹಾಗೆ ಕದ್ದು ಬೇರೆ ದಾರೀಲಿ ಹರಿಸತ್ತೆ, ಕಾಲುವೆಯಲ್ಲಿ ಬೇಕಂತಲೇ ಬಿಟ್ಟಿರೋ ಒಂದು ಸೋರಿಕೆ ಥರ. ಬಿಸಿ ಏರಿದ್ರೆ ಫೆರೈಟ್ ಬಡವಾಗತ್ತೆ, ಆದ್ರೆ ಅದೇ ಹೊತ್ತಿಗೆ ಪಟ್ಟಿಯ ಕದಿಯೋ ಶಕ್ತಿನೂ ಕುಗ್ಗತ್ತೆ, ಸೋರಿಕೆ ಕಮ್ಮಿಯಾಗಿ ಬೀಮ್‌ಗೆ ಸಿಗೋ ಪಾಲು ಅಷ್ಟೇ ಉಳಿಯತ್ತೆ. ಸೆನ್ಸರ್ ಇಲ್ಲ, ವೈರ್ ಇಲ್ಲ, ಎರಡು ಲೋಹಗಳ ದೌರ್ಬಲ್ಯ ಒಂದನ್ನೊಂದು ಸರಿದೂಗಿಸ್ಕೊಳ್ಳತ್ತೆ. ಇವತ್ತಿನ ರಿಂಗ್‌ಗಳೂ ಇದೇ ಉಪಾಯ ಬಳಸ್ತವೆ. ಇನ್ನೊಂದು ಮಾತು, ಫರ್ಮಿಲ್ಯಾಬಿಗೆ ಕರೆಂಟ್ ಉಳಿತಾಯದಷ್ಟೇ ಮುಖ್ಯ ಆಗಿದ್ದು ಭದ್ರತೆ: ಗಂಟೆಗಟ್ಟಲೆ ಕಷ್ಟಪಟ್ಟು ಕೂಡಿಟ್ಟ ಆಂಟಿಪ್ರೋಟಾನ್‌ಗಳು ಒಂದು ಸಿಡಿಲಿಗೆ, ಒಂದು ಪವರ್ ಕಟ್‌ಗೆ ಕಳೆದುಹೋಗಬಾರದು ಅನ್ನೋದು.

ಡೈಪೋಲ್ ಮಟ್ಟಿಗೆ ಇವೆಲ್ಲ ಬಗೆಹರಿದ ಹಾಗೇ ಅಂತ ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡಿನ ಎಸ್‌ಎಲ್‌ಎಸ್ 2.0, 288 ಮೀಟರಿನ ಚಿಕ್ಕ ರಿಂಗ್, ಬಾಗಿಸೋಕೆ ಪರ್ಮನೆಂಟ್ ಮ್ಯಾಗ್ನೆಟ್ ಹಾಕ್ಕೊಂಡು 2025ರ ಜನವರಿಯಲ್ಲಿ ಮೊದಲ ಬೀಮ್ ಸುತ್ತಿಸ್ತು, ಬೀಮ್ ಶಕ್ತಿ 2.4ರಿಂದ 2.7 ಜಿಇವಿಗೆ ಏರಿಸಿಯೂ ಕರೆಂಟ್ ಬಳಕೆ ಮೂರನೇ ಒಂದು ಭಾಗದಷ್ಟು ಇಳಿಸೋ ಲೆಕ್ಕ ಅವರದ್ದು. ಬ್ರೆಜಿಲ್‌ನ ಸಿರಿಯಸ್‌ನಲ್ಲಿ ಮಧ್ಯದ ಡೈಪೋಲಿನ ಒಂದು ತೆಳು ಭಾಗ ಪರ್ಮನೆಂಟ್ ಮ್ಯಾಗ್ನೆಟ್ಟಲ್ಲೇ 3.2 ಟೆಸ್ಲಾ ಮುಟ್ಟತ್ತೆ. ಬೀಜಿಂಗ್ ಹತ್ತಿರದ ಹೊಸ ರಿಂಗ್, ಜಪಾನಿನ ಸ್ಪ್ರಿಂಗ್-8 ನವೀಕರಣ, ಬ್ರಿಟನ್ನಿನ ಡೈಮಂಡ್-2, ಜರ್ಮನಿಯ ಪೆಟ್ರಾ ಫೋರ್, ಎಲ್ಲರೂ ಅದೇ ದಾರಿ.

ಕ್ವಾಡ್ರುಪೋಲ್ ಬೇರೆ ಕಥೆ. ಅಲ್ಲಿ ನಾಬ್ ಇಲ್ಲದೆ ಇರೋದು ನಿಜವಾಗ್ಲೂ ಕಾಡತ್ತೆ. ರಿಂಗ್ ಕಟ್ಟಿದ ಮೇಲೆ ಬೀಮ್ ಪ್ರತಿ ಕ್ವಾಡ್ರುಪೋಲಿನ ನಟ್ಟನಡುವೆ ಹೋಗ್ತಿದ್ಯಾ ಅಂತ ಹೇಗೆ ತಿಳ್ಕೋತಾರೆ ಗೊತ್ತಾ? ಒಂದೊಂದೇ ಕ್ವಾಡ್ರುಪೋಲಿನ ಕರೆಂಟನ್ನ ಸ್ವಲ್ಪ ಏರಿಸಿ ಇಳಿಸಿ ನೋಡ್ತಾರೆ. ಬೀಮ್ ಸರಿಯಾಗಿ ಮಧ್ಯದಲ್ಲಿ ಇದ್ರೆ ಅಲ್ಲಿ ಕ್ಷೇತ್ರ ಸೊನ್ನೆ, ಹಾಗಾಗಿ ಏನು ಮಾಡಿದ್ರೂ ಬೀಮ್ ಅಲುಗಲ್ಲ. ಪಕ್ಕಕ್ಕೆ ಇದ್ರೆ ರಿಂಗ್ ಸುತ್ತಲೂ ಇರೋ ಮಾನಿಟರ್‌ಗಳಲ್ಲಿ ಬೀಮ್ ಜರುಗಿದ್ದು ಕಾಣತ್ತೆ, ಆಗ ಅದನ್ನ ಮೆಲ್ಲಗೆ ತಳ್ಳಿ ಮಧ್ಯಕ್ಕೆ ತರ್ತಾರೆ. ಕುರುಡು ಕತ್ತಲಲ್ಲಿ ಗೋಡೆ ತಡವರಿಸ್ಕೊಂಡು ದಾರಿ ಹುಡುಕೋ ಹಾಗೆ. ಕ್ಷೇತ್ರ ಬದಲಾಯಿಸೋಕೇ ಆಗಲ್ಲ ಅಂದ್ರೆ ಈ ತಡವರಿಸೋ ಕೈಯೇ ಹೋಯ್ತು. ಇಎಸ್‌ಆರ್‌ಎಫ್ ತನ್ನ ಕ್ವಾಡ್ರುಪೋಲ್‌ಗಳನ್ನ ಎಲೆಕ್ಟ್ರೋಮ್ಯಾಗ್ನೆಟ್ಟಾಗೇ ಇಟ್ಕೊಂಡಿದ್ದು ಸುಮ್ಮನೆ ಅಲ್ಲ. ಪ್ಯಾರಿಸ್ ಹತ್ತಿರದ ಸೊಲೇಯ್-2 ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ವಾಡ್ರುಪೋಲ್‌ಗಳನ್ನೂ ಪರ್ಮನೆಂಟ್ ಮ್ಯಾಗ್ನೆಟ್ ಮಾಡೋ ಯೋಜನೆ ಇಟ್ಕೊಂಡಿದೆ, ಅಲ್ಲಿ ಬೇಕಾದ ತಿದ್ದುಪಡಿಯೆಲ್ಲ ಸುತ್ತಮುತ್ತಲ ಬೇರೆ ಸಣ್ಣ ಎಲೆಕ್ಟ್ರೋಮ್ಯಾಗ್ನೆಟ್‌ಗಳ ತಲೆ ಮೇಲೆ ಬೀಳತ್ತೆ. ನಾನು ತುಂಬ ಆಸೆಯಿಂದ ಕಾಯ್ತಿರೋ ರಿಂಗ್ ಇದು, ಯಾಕಂದ್ರೆ ಪ್ರಶ್ನೆಯ ಕಷ್ಟದ ಅರ್ಧಕ್ಕೆ ಉತ್ತರ ಸಿಗೋದು ಅಲ್ಲೇ.

ನಾಬನ್ನ ಬೇರೆ ರೂಪದಲ್ಲಿ ವಾಪಸ್ ತರೋ ಪ್ರಯತ್ನಗಳೂ ಇವೆ. ಬ್ರಿಟನ್ನಿನ ಡೇರ್ಸ್‌ಬರಿ ಲ್ಯಾಬು ಸರ್ನ್ ಜೊತೆ ಸೇರಿ ಜೆಪ್ಟೋ ಅಂತ ಒಂದು ಕ್ವಾಡ್ರುಪೋಲ್ ಮಾಡಿದೆ. ಅದರಲ್ಲಿ ಕಬ್ಬಿಣದ ಧ್ರುವಗಳು ನಿಂತಲ್ಲೇ ನಿಂತಿರ್ತವೆ, ಹಿಂದಿರೋ ಪರ್ಮನೆಂಟ್ ಮ್ಯಾಗ್ನೆಟ್ ದಿಮ್ಮಿಗಳನ್ನ ಮೋಟರ್ ಹತ್ತಿರ ತರತ್ತೆ ಇಲ್ಲಾ ದೂರ ಒಯ್ಯತ್ತೆ. ಕರೆಂಟ್ ಬೇಕಾಗೋದು ಸರಿಸುವಾಗ ಮಾತ್ರ. ಸರ್ನ್‌ನ ಕ್ಲಿಕ್ ಅನ್ನೋ ಭವಿಷ್ಯದ ಕೊಲೈಡರ್ ಯೋಜನೆಗೆ 40 ಸಾವಿರಕ್ಕೂ ಹೆಚ್ಚು ಕ್ವಾಡ್ರುಪೋಲ್ ಬೇಕು ಅನ್ನೋ ಲೆಕ್ಕದಿಂದ ಹುಟ್ಟಿದ ಯೋಚನೆ ಇದು, ಅಷ್ಟು ಸಂಖ್ಯೆಯಲ್ಲಿ ಒಂದೊಂದೂ ಬಿಸಿಯಾದ್ರೆ ಸುರಂಗ ಒಲೆ ಆಗಿಬಿಡತ್ತೆ. ಆದ್ರೆ ಭಾರೀ ಸೆಳೆತದ ವಿರುದ್ಧ ದಿಮ್ಮಿಗಳನ್ನ ಸರಿಸಬೇಕು, ಸರಿಸುವಾಗ ಕ್ಷೇತ್ರದ ಮಧ್ಯಬಿಂದು ಮೈಕ್ರಾನ್‌ಗಳಷ್ಟೂ ಅಲುಗಬಾರದು, ಅದು ದೊಡ್ಡ ಸವಾಲು. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಬ್ರೂಕ್‌ಹೇವನ್ ಲ್ಯಾಬು ಸೇರಿ ಕಟ್ಟಿದ ಸಿಬೀಟಾ ಅನ್ನೋ ಎಲೆಕ್ಟ್ರಾನ್ ಆಕ್ಸಲರೇಟರ್ ಇನ್ನೊಂದು ತುದಿ: ಅಲ್ಲಿ ನಾಬ್ ಇಲ್ಲದಿರೋದನ್ನೇ ಒಪ್ಪಿಕೊಂಡು 42, 78, 114, 150 ಎಂಇವಿಯ ನಾಲ್ಕು ಬೀಮ್‌ಗಳು ಒಂದೇ ಪರ್ಮನೆಂಟ್ ಮ್ಯಾಗ್ನೆಟ್ ಸಾಲಿನೊಳಗೆ ಪಕ್ಕ ಪಕ್ಕ ಹೋಗೋ ಹಾಗೆ ವಿನ್ಯಾಸ ಮಾಡಿದ್ರು, 2019ರ ಡಿಸೆಂಬರಲ್ಲಿ ನಾಲ್ಕೂ ಸುತ್ತು ಏರಿಸಿ ಮತ್ತೆ ಇಳಿಸಿ ತೋರಿಸಿದ್ರು. ಅಲ್ಲಿನ ಮ್ಯಾಗ್ನೆಟ್‌ಗಳ ಸಣ್ಣ ಸಣ್ಣ ತಪ್ಪು ತಿದ್ದಿದ್ದು ತ್ರೀಡಿ ಪ್ರಿಂಟರಲ್ಲಿ ಮಾಡಿದ ಹೋಲ್ಡರ್‌ಗೆ ಅಳತೆ ಮಾಡಿ ತುಂಡರಿಸಿದ ಕಬ್ಬಿಣದ ತಂತಿ ಸಿಕ್ಕಿಸಿ, ಒಂದೊಂದು ಮ್ಯಾಗ್ನೆಟ್‌ಗೆ ಒಂದೊಂದು ಲೆಕ್ಕ.

ರೇಡಿಯೇಶನ್ ಬಗ್ಗೆ ಚುಟುಕಾಗಿ ಹೇಳ್ತೀನಿ. ದಾರಿ ತಪ್ಪಿದ ಎಲೆಕ್ಟ್ರಾನ್ ಬಂದು ಬಡಿದ್ರೆ ಮ್ಯಾಗ್ನೆಟ್ ನಿಧಾನಕ್ಕೆ ಬಲ ಕಳ್ಕೊಳತ್ತೆ, ಅಂಡ್ಯುಲೇಟರ್‌ಗಳಲ್ಲಿ ಇದನ್ನ ಕಂಡಿದ್ದಾರೆ. ಸುರುಳಿ ಸುಟ್ಟರೆ ಬದಲಾಯಿಸಬಹುದು, ಕರೆಂಟ್ ಏರಿಸಿ ಸರಿದೂಗಿಸಬಹುದು, ಇಲ್ಲಿ ಕಳ್ಕೊಂಡ ಬಲ ವಾಪಸ್ ಬರ್ಬೇಕಂದ್ರೆ ಇಟ್ಟಿಗೆ ಹೊರಗೆ ತೆಗೀಬೇಕು. ಸಮೇರಿಯಂ-ಕೋಬಾಲ್ಟ್ ಇದನ್ನ ನಿಯೋಡೈಮಿಯಂಗಿಂತ ತುಂಬ ಚೆನ್ನಾಗಿ ತಡ್ಕೊಳತ್ತೆ, ಬಲ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ ಅಂತ ಅದನ್ನ ಆರಿಸ್ಕೊಳ್ಳೋದು ಅದಕ್ಕೇ.

ಆದ್ರೆ ಅದೇ ಸಮೇರಿಯಂ 2025ರ ಏಪ್ರಿಲ್ 4ರಂದು ಚೀನಾ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿದ ಏಳು ರೇರ್ ಅರ್ಥ್ ಲೋಹಗಳ ಪಟ್ಟೀಲಿ ಇದೆ. ನಿಯೋಡೈಮಿಯಂ ಮ್ಯಾಗ್ನೆಟ್‌ಗೆ ಬಿಸಿ ತಡ್ಕೊಳ್ಳೋ ಗುಣ ಕೊಡೋ ಡಿಸ್ಪ್ರೋಸಿಯಂ, ಟರ್ಬಿಯಂ ಕೂಡ ಅದೇ ಪಟ್ಟೀಲಿ. ಜಗತ್ತಿನ ರೇರ್ ಅರ್ಥ್ ಮ್ಯಾಗ್ನೆಟ್‌ಗಳಲ್ಲಿ ಹತ್ತಿರ ಹತ್ತಿರ ಶೇಕಡ 90 ತಯಾರಾಗೋದೂ ಅಲ್ಲೇ. ಕೋಬಾಲ್ಟಿನ ಗಣಿಗಾರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋದಲ್ಲಿ. ಒಂದು ಮಾತು ನ್ಯಾಯವಾಗಿ ಹೇಳ್ಬೇಕು, ಆಕ್ಸಲರೇಟರ್‌ಗಳು ಈ ಮಾರುಕಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು, ಗೇರ್‌ಬಾಕ್ಸ್ ಇಲ್ಲದ ಗಾಳಿಯಂತ್ರ ಒಂದು ಮೆಗಾವಾಟ್‌ಗೆ ಸುಮಾರು 600 ಕಿಲೋ ಮ್ಯಾಗ್ನೆಟ್ ತಿನ್ನತ್ತೆ, ಎಲೆಕ್ಟ್ರಿಕ್ ಕಾರುಗಳ ಲೆಕ್ಕ ಇನ್ನೂ ದೊಡ್ಡದು. ಆದ್ರೆ ಸಣ್ಣ ಗಿರಾಕಿ ಆಗಿರೋದೇ ಕಷ್ಟ. ಒಂದು ರಿಂಗ್‌ಗೆ ಬೇಕಾದ್ದು ಒಂದೇ ಸಲ, ವಿಶೇಷ ಅಳತೆಯಲ್ಲಿ, ಬಿಗಿಯಾದ ಗುಣಮಟ್ಟದಲ್ಲಿ, ಅದೂ ಇಡೀ ಯಂತ್ರ ನಿಲ್ಲಿಸಿ ಕೂತಿರೋ ಹದಿನೈದು ಇಪ್ಪತ್ತು ತಿಂಗಳ ಕಿಟಕಿಯೊಳಗೆ. ಅಷ್ಟರಲ್ಲಿ ಲೈಸೆನ್ಸ್ ಬರ್ಲಿಲ್ಲ ಅಂದ್ರೆ ಸಾವಿರಾರು ಸಂಶೋಧಕರು ಬೀಮ್ ಇಲ್ಲದೆ ಕಾಯ್ಬೇಕು. ತಾಮ್ರಕ್ಕೆ ಈ ಭಯ ಇರ್ಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಬಾಗಿಸೋ ಮ್ಯಾಗ್ನೆಟ್ ಪರ್ಮನೆಂಟ್ ಆಗ್ಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅಲ್ಲಿ ನಾಬ್ ತಿರುಗಿಸೋ ಅಗತ್ಯವೇ ಕಮ್ಮಿ, ಉಳಿತಾಯ ಮೂವತ್ತು ವರ್ಷ ಪ್ರತಿ ಗಂಟೆಗೂ ಬರ್ತಾನೇ ಇರತ್ತೆ. ಕ್ವಾಡ್ರುಪೋಲಲ್ಲಿ ಸಣ್ಣ ಜಾಗದಿಂದಲೇ ಕರೆಂಟ್ ಅಷ್ಟು ಇಳಿದುಬಿಟ್ಟಿರೋದ್ರಿಂದ ಉಳಿದ ಸ್ವಲ್ಪಕ್ಕೋಸ್ಕರ ನಾಬ್ ಬಿಟ್ಟುಕೊಡೋದು ಈಗಲೇ ಎಲ್ಲರಿಗೂ ಸರಿ ಅಂತ ಹೇಳೋಕಾಗಲ್ಲ, ಇಕ್ಕಟ್ಟಿನ ರಿಂಗ್‌ಗಳಿಗೆ ಸರಿ ಇರಬಹುದು. ಬೀಮನ್ನ ಏರಿಸೋ ಬೂಸ್ಟರ್ ರಿಂಗ್‌ಗೆ ಇದು ಬೇಡವೇ ಬೇಡ.

ಒಂದು ವಿಷಯ ಮಾತ್ರ ಇವತ್ತಿಂದಲೇ ಡ್ರಾಯಿಂಗ್ ಶೀಟಲ್ಲಿ ಇರ್ಬೇಕು ಅಂತ ನನ್ನ ಒತ್ತಾಯ: ರಿಂಗ್ ಬಿಚ್ಚೋ ದಿನ. ಹಳೇ ಎಲೆಕ್ಟ್ರೋಮ್ಯಾಗ್ನೆಟ್ ಬಿಚ್ಚೋದು ಸುಲಭ, ತಾಮ್ರ ಒಂದು ಕಡೆ ಕಬ್ಬಿಣ ಒಂದು ಕಡೆ. ಇಲ್ಲಿ ಮೂವತ್ತು ವರ್ಷ ಆದ್ರೂ ಇಟ್ಟಿಗೆಗಳು ಹೆಚ್ಚುಕಮ್ಮಿ ಮೊದಲ ದಿನದಷ್ಟೇ ಜೋರಾಗಿ ಎಳೀತಿರ್ತವೆ, ಜೋಡಿಸುವಾಗ ಬಳಸಿದ ಜಿಗ್ ಆಗ ಎಲ್ಲಿರತ್ತೋ, ಜೋಡಿಸಿದ ಕೈಗಳು ಆಗ ನಿವೃತ್ತಿ ಆಗಿರ್ತವೆ. ಬಿಸಿ ಮಾಡಿ ಬಲ ತೆಗೆಯೋಣ ಅಂದ್ರೆ ನಿಯೋಡೈಮಿಯಂಗೆ 310 ಡಿಗ್ರಿ ದಾಟಿಸ್ಬೇಕು, ಸಮೇರಿಯಂ-ಕೋಬಾಲ್ಟ್‌ಗೆ ಸುಮಾರು 800. ಅಂಟು ಹಾಕಿ ಕೂರಿಸಿದ್ರೆ ಇಟ್ಟಿಗೆ ಪೂರ್ತಿಯಾಗಿ ಹೊರಗೆ ಬರಲ್ಲ, ಒಡೆದು ಚೂರಾಗಿ ಬರತ್ತೆ, ಸ್ಕ್ರೂ ಮತ್ತು ಕ್ಲಾಂಪಲ್ಲಿ ಕೂರಿಸಿದ್ರೆ ಬಂದ ಹಾಗೇ ವಾಪಸ್ ಜಾರಿ ಬರತ್ತೆ, ತೊಳೆದು ಅಳೆದು ಇನ್ನೊಂದು ರಿಂಗಲ್ಲಿ ಮತ್ತೆ ಮೂವತ್ತು ವರ್ಷ ಕೂರಿಸಬಹುದು.